ಮೊರದಲ್ಲಿ ಜೋಡಿಸಿದ ಸಂಬಂಧ

ಮಕ್ಕಳೇ, ನಿಮ್ಮ ಅಕ್ಕ ಮಾನವಶಾಸ್ತ್ರ ಓದಲು ಹೋದದ್ದು ಆಸೆಪಟ್ಟು ಅಲ್ಲ. ಅವಳು ಸೇರಿದ್ದು ಬಿ.ಕಾಂಗೆ. ಆಗ ಕಾಲೇಜುಗಳಲ್ಲಿ ಹೊಸ ಪದ್ಧತಿ ಬಂದಿತ್ತು. ಯಾವ ಕೋರ್ಸಿನವರಾದರೂ ತಮ್ಮದಲ್ಲದ ಒಂದು ವಿಷಯವನ್ನು ಆರಿಸಿಕೊಳ್ಳಲೇಬೇಕಿತ್ತು. ನಿಮ್ಮಕ್ಕ ಫೋಟೋಗ್ರಫಿ ಬೇಕೆಂದು ಮೊಬೈಲು ಹಿಡಿದು ಕುಳಿತಿದ್ದಳು. ತುಮಕೂರು ರಸ್ತೆಯ ಗಾಡಿಗಳ ಗದ್ದಲದಲ್ಲಿ ಕರೆಂಟು ಹೋಗಿ, ಮತ್ತೆ ನೆಟ್‌ವರ್ಕ್ ಬರುವಷ್ಟರಲ್ಲಿ ಆ ಸೀಟುಗಳು ಮುಗಿದಿದ್ದವು. ಉಳಿದದ್ದು ಮಾನವಶಾಸ್ತ್ರ.

"ಅಂಗಂದ್ರೆ ಏನವ್ವ?" ಎಂದು ಕೇಳಿದೆ.

"ಮನುಷ್ಯರ ಬಗ್ಗೆ ಓದೋದು ಅಜ್ಜಿ."

"ಅದಕ್ಯಾಕೆ ಕಾಲೇಜು? ಬೆಳಿಗ್ಗೆ ನಮ್ಮ ನಲ್ಲಿ ತಾವ ನಿಂತ್ಕೊಂಡ್ರೆ ಸಾಕು, ಎಲ್ಲಾ ತರದ ಮನುಷ್ಯರೂ ಕಾಣ್ತಾರೆ."

ತಮಾಷೆಗೆ ಹೇಳಿದ್ದೆ. ಒಂದು ತಿಂಗಳಾದ ಮೇಲೆ ಅವಳ ಮೇಡಂ ಹೆಚ್ಚುಕಡಿಮೆ ಅದನ್ನೇ ಹೇಳಿ ಕಳುಹಿಸಿದರು. ಇನ್ನೆಲ್ಲೋ ಹೋಗಬೇಡಿ, ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲಿ ಇರುವವರನ್ನು ಕೇಳಿ ಬರೆದು ತನ್ನಿ ಎಂದು.

ನಿಮ್ಮಕ್ಕನಿಗೆ ಬಹಳ ಬೇಜಾರಾಯಿತು. ಹಿಂದಿನ ವರ್ಷಗಳಲ್ಲಿ ಆ ವಿಷಯ ಓದಿದವರನ್ನು ಬಸ್ಸಿನಲ್ಲಿ ಕಾಡಿನ ಹಾಡಿಗಳಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಮೂರು ದಿನ ಅಲ್ಲಿದ್ದು, ಅಲ್ಲಿನವರ ಫೋಟೋ ತೆಗೆದುಕೊಂಡು, ಅವರು ಏನು ಉಣ್ಣುತ್ತಾರೆ, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂದು ಬರೆದುಕೊಂಡು ಬರುತ್ತಿದ್ದರಂತೆ. ಮಿಕ್ಕ ದಿನಗಳಲ್ಲಿ ಮೇಡಂ ನೋಟ್ಸು ಬರೆಸುವುದು, ಮಕ್ಕಳು ಬಾಯಿಪಾಠ ಮಾಡುವುದು.

"ನಮ್ಮ ಬೀದೀಲಿ ಏನಿದೆ ಅಜ್ಜಿ ಬರೆಯೋಕೆ? ಶೆಡ್ಡು, ಬೇಕರಿ, ಪಂಚರ್ ಅಂಗಡಿ!" ಎಂದು ಚೀಲ ಎಸೆದಳು.

ಅಲ್ಲಿಂದ ಶುರುವಾಯಿತು ನನ್ನನ್ನು ಕೇಳುವುದು. ಸಂಜೆ ನಮ್ಮ ಬಾಡಿಗೆ ಮನೆಗಳ ಹೆಂಗಸರು ನೀರು ತುಂಬಿಕೊಂಡು ಹೋದ ಮೇಲೆ ಅವಳು ನೋಟ್‌ಬುಕ್ ಹಿಡಿದು ನನ್ನ ಎದುರು ಕೂರುತ್ತಿದ್ದಳು. ನಿಮಗೆ ಗೊತ್ತಲ್ಲ, ನನಗೆ ಮಾತು ಬರುವುದು ಕಡಿಮೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದರೂ ಮೇಷ್ಟರು ಕೇಳಿದ ಪ್ರಶ್ನೆಗೆ ಎದ್ದು ಉತ್ತರ ಹೇಳಿದವಳಲ್ಲ. ಈಗಲೂ ಬಾಡಿಗೆಯವರ ಗಂಡಸರು ಬಂದು ಏನಾದರೂ ಕೇಳಿದರೆ ಬಾಗಿಲ ಹಿಂದೆ ನಿಂತೇ ಉತ್ತರ ಕೊಡುತ್ತೇನೆ. ಅಂಥವಳು ನಿಮ್ಮಕ್ಕನಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ನನ್ನ ಮದುವೆಯ ವಿಷಯವನ್ನೂ ಹೇಳಿದೆ.

ನಿಮ್ಮ ತಾತ ನನಗೆ ಸೋದರಮಾವ. ನಮ್ಮವ್ವನ ಕೊನೆಯ ತಮ್ಮ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಾಕಳಿಯವರೆಗೆ ನಡೆದು ಬೊಂಬಾಯಿ ಮಿಠಾಯಿ ಕೊಡಿಸಿದವರು. ನನಗೆ ಹದಿನೇಳು ತುಂಬಿದಾಗ ಹಿರಿಯರು ಮಾತಾಡಿ ಅವರಿಗೇ ಕೊಟ್ಟರು. ಅಷ್ಟರಲ್ಲಿ ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ ನಡೆಸುವ ಕೆಲಸಕ್ಕೆ ಸೇರಿದ್ದರು. ಈಗ ನೀವಿರುವ ಈ ಮನೆ ನಮ್ಮವ್ವನ ತವರು. ನನ್ನ ಅಜ್ಜಿಯೇ ನನಗೆ ಅತ್ತೆಯಾದಳು. ಬೇರೆ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಅಳುತ್ತಿದ್ದರು. ನಾನು ರಜಕ್ಕೆ ಬಂದ ಹಾಗೆ ಬಂದು ಉಳಿದುಬಿಟ್ಟೆ. ಅತ್ತೆಯಾದ ಮೇಲೂ ಅಜ್ಜಿ ನನಗೆಂದು ಅಟ್ಟದ ಮೇಲೆ ಬೆಲ್ಲ ಮುಚ್ಚಿಡುವುದನ್ನು ಬಿಡಲಿಲ್ಲ.

ನಿಮ್ಮಕ್ಕ ಇದನ್ನೆಲ್ಲ ಕೇಳಿ ನಕ್ಕಳು, ಬರೆದುಕೊಂಡಳು. ಇದನ್ನು ಒಂದು ಚಿತ್ರವಾಗಿ ಬರೆಯಬೇಕಂತೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ, ಗಂಡ ಹೆಂಡತಿಯ ನಡುವೆ ಎರಡು ಗೀಟು, ತೀರಿಕೊಂಡವರ ಮೇಲೆ ಒಂದು ಓರೆ ಗೀಟು. ನನ್ನನ್ನು ಸೊನ್ನೆ ಮಾಡಿಬಿಟ್ಟೆಯಲ್ಲೇ ಎಂದು ನಾನೂ ನಕ್ಕೆ.

ಮಾರನೆಯ ವಾರದಿಂದ ಅವಳು ನನ್ನ ಹತ್ತಿರ ಕೂರುವುದನ್ನು ಬಿಟ್ಟಳು. "ಮುಗೀತಾ ಕಂದಾ?" ಎಂದರೆ "ಮುಗೀತಜ್ಜಿ" ಎನ್ನುತ್ತಿದ್ದಳು. ಓದಿನ ಭಾರ ಇರಬೇಕು ಎಂದುಕೊಂಡು ನಾನು ಕೆದಕಲಿಲ್ಲ.

ಆ ಹೊತ್ತಿಗೆ ಕಾಲೇಜಿನಲ್ಲಿ ಮತ್ತೆ ಬದಲಾವಣೆಯ ಮಾತು ಬಂತು. ಆ ಹೊಸ ನಾಲ್ಕು ವರ್ಷದ ಪದ್ಧತಿ ಹೋಗಿ ಮತ್ತೆ ಮೂರು ವರ್ಷವೇ ಆಗುತ್ತದೆ, ಯಾವ ವಿಷಯ ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ಹೊಸದಾಗಿ ಪಟ್ಟಿ ಮಾಡುತ್ತಾರೆ ಎಂದು ನಿಮ್ಮಪ್ಪನ ಹತ್ತಿರ ಅವಳು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಮಕ್ಕಳನ್ನು ಅವರವರ ಬೀದಿಗೆ ಕಳುಹಿಸಿ ಮಾಡಿಸಿದ ಕೆಲಸವನ್ನು ನೋಡಲು ಆ ಪಟ್ಟಿ ಮಾಡುವ ದೊಡ್ಡವರು ಹೊರಗಿನಿಂದ ಬರುವವರಿದ್ದರು. ಅವರಿಗೆ ತೋರಿಸಲು ಮೇಡಂ ಕೆಲವು ಮಕ್ಕಳ ಬರಹಗಳನ್ನು ಆರಿಸಿದರು. ಅದರಲ್ಲಿ ನಿಮ್ಮಕ್ಕನದು ಒಂದು. ಅವಳ ಚಿತ್ರ ಬಹಳ ಅಚ್ಚುಕಟ್ಟಾಗಿತ್ತಂತೆ.

ಆದರೆ ತೋರಿಸುವುದಕ್ಕೆ ಮುಂಚೆ ಒಂದು ಕೆಲಸ ಬಾಕಿ ಇತ್ತು. ಆ ಮೇಡಂ ಇಟ್ಟ ನಿಯಮ ಅದು. ಯಾರು ಹೇಳಿದರೋ ಅವರ ಎದುರು ಕೂತು, ಬರೆದದ್ದನ್ನು ಓದಿ ಹೇಳಬೇಕು. ಅವರು ಸರಿ ಅಂದರೆ ಮಾತ್ರ ಅದು ಲೆಕ್ಕಕ್ಕೆ.

ಹಾಗೆ ಒಂದು ಶನಿವಾರ ಮಧ್ಯಾಹ್ನ ಮೇಡಂ ನಮ್ಮ ಮನೆಗೆ ಬಂದರು. ಜೊತೆಗೆ ಅದೇ ಕ್ಲಾಸಿನ ಇನ್ನೊಬ್ಬ ಹುಡುಗಿ. ಅವಳ ಅಪ್ಪ ಉತ್ತರದ ಕಡೆಯಿಂದ ಪೀಣ್ಯಕ್ಕೆ ಕೆಲಸಕ್ಕೆ ಬಂದವರು. ಇವಳು ಇಲ್ಲೇ ಹುಟ್ಟಿ ಬೆಳೆದವಳು, ನಮಗಿಂತ ಜೋರಾಗಿ ಕನ್ನಡ ಮಾತಾಡುತ್ತಾಳೆ. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಮೊರ ಸರಿಸಿ ಏಳಲು ಹೋದೆ.

"ಏಳ್ಬೇಡಿ ಅಜ್ಜಿ, ನಾವೂ ಇಲ್ಲೇ ಕೂತ್ಕೋತೀವಿ" ಎಂದು ಮೇಡಂ ಚಾಪೆಯ ಮೇಲೆಯೇ ಕುಳಿತು ಒಂದು ಹಿಡಿ ಕಾಯಿ ಎಳೆದುಕೊಂಡರು. ಬೇಯಿಸಿದ ಕಡಲೆಕಾಯಿ ಇತ್ತು, ತಟ್ಟೆಗೆ ಸುರಿದು ಇಟ್ಟೆ. ನಿಮ್ಮಕ್ಕ ಮಾತ್ರ ಒಂದನ್ನೂ ಮುಟ್ಟಲಿಲ್ಲ.

"ಓದಮ್ಮ" ಎಂದರು ಮೇಡಂ.

ಅವಳು ಹಾಳೆ ಬಿಡಿಸಿ ಓದತೊಡಗಿದಳು. ನನ್ನ ಅಜ್ಜಿ ತಾತ, ನಮ್ಮವ್ವ ನಮ್ಮಪ್ಪ, ನಮ್ಮ ಬೆಡಗು, ಅಂದರೆ ನಾವು ಹುಟ್ಟಿದ ಕುಲ, ಎಲ್ಲವೂ ಸರಿಯಾಗಿತ್ತು. ಆಮೇಲೆ ಅವಳ ದನಿ ಸಣ್ಣದಾಯಿತು.

"ಅಜ್ಜಿಯ ಗಂಡ ನೆಲಮಂಗಲದ ಕಡೆಯವರು. ಮದುವೆಗೆ ಮೊದಲು ಎರಡು ಮನೆಗಳಿಗೂ ಸಂಬಂಧ ಇರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಬೇರೆ ಯಾರದೋ ಹಾಳೆ ಸೇರಿಕೊಂಡಿರಬೇಕು ಎಂದುಕೊಂಡೆ. ಬಗ್ಗಿ ನೋಡಿದೆ. ನಮ್ಮವ್ವನ ಸೊನ್ನೆಯ ಪಕ್ಕ ಅವಳ ತಮ್ಮಂದಿರ ತ್ರಿಕೋನಗಳು ಸಾಲಾಗಿದ್ದವು. ಕೊನೆಯದರ ಮೇಲೆ ಓರೆ ಗೀಟು, ಕೆಳಗೆ ಚಿಕ್ಕ ಅಕ್ಷರ: ಬಾಲ್ಯದಲ್ಲೇ ತೀರಿಕೊಂಡರು.

ಒಬ್ಬರೇ ಎರಡು ಕಡೆ ಬರಬಾರದೆಂದು ನನ್ನ ಯಜಮಾನರನ್ನು ಹುಡುಗರಾಗಿದ್ದಾಗಲೇ ಅವಳು ಹಾಳೆಯ ಮೇಲೆ ಸಾಯಿಸಿದ್ದಳು.

ಮಕ್ಕಳೇ, ಅವರು ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಆದರೂ ಆ ಗೀಟಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಇವಳ ಕಡೆ ನೋಡಿದೆ. ತಲೆ ತಗ್ಗಿಸಿ ಹಾಳೆಯ ತುದಿ ಮಡಚುತ್ತಿದ್ದಳು. ನಾನು ಸರಿ ಅಂದರೆ ಸುಳ್ಳು ದೊಡ್ಡವರ ಮುಂದೆ ಹೋಗುತ್ತದೆ. ತಪ್ಪು ಅಂದರೆ ನಮ್ಮ ಹುಡುಗಿ ತನ್ನ ಮೇಡಂ ಮುಂದೆ, ಗೆಳತಿಯ ಮುಂದೆ ಸುಳ್ಳಿಯಾಗುತ್ತಾಳೆ.

"ಸರೀನಾ ಅಜ್ಜಿ?" ಎಂದು ಮೇಡಂ ಕೇಳಿದರು.

"ಒಸಿ ತಪ್ಪಯ್ತೆ ಮೇಡಂ" ಎಂದೆ. "ಅದು ಅವ್ಳ ತಪ್ಪಲ್ಲ. ನಾನೇ ತಪ್ಪೇಳ್ಬುಟ್ಟಿದ್ದೆ. ವಯಸ್ಸಾಯ್ತಲ್ಲ, ಮರ್ತೋಯ್ತು."

ಮೇಡಂ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಮದುವೆ ಯಾರ ಜೊತೆ ಆಯ್ತು ಅನ್ನೋದೇ ಮರ್ತೋಯ್ತಾ ಅಜ್ಜಿ?"

ಸೆರಗು ಎಳೆದುಕೊಂಡು ಮೊರದ ಕಡೆ ತಿರುಗಿದೆ. ಆಗ ನಿಮ್ಮಕ್ಕ ಮಾತಾಡಿದಳು.

"ಅಜ್ಜಿ ಸರಿಯಾಗೇ ಹೇಳಿದ್ರು ಮೇಡಂ. ನಾನೇ ಸುಳ್ಳು ಬರೆದೆ. ತಾತ ಅಜ್ಜಿಗೆ ಸೋದರಮಾವ." ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೂ ನಿಲ್ಲಿಸಲಿಲ್ಲ. "ಕ್ಲಾಸಲ್ಲಿ ಸೋದರಮಾವನ ಮದುವೆ ಅಂತ ಬಂದಾಗ ಎಲ್ರೂ ಛೀ ಅಂತ ನಕ್ಕರು. ಇವಳೂ ನಕ್ಕಳು. ನಮ್ಮನೇದು ಅಂತ ಹೇಳೋಕೆ ನಂಗೆ ನಾಚಿಕೆ ಆಯ್ತು. ಕಂಪ್ಯೂಟರಲ್ಲಿ ಹಾಕೋಕೆ ಹೋದ್ರೆ ಅದೂ ತಗೊಳ್ಳಲ್ಲ, ಒಬ್ಬರನ್ನ ಎರಡು ಕಡೆ ತೋರ್ಸುತ್ತೆ. ಅದಕ್ಕೆ ಒಬ್ಬರನ್ನ ಸಾಯಿಸ್ಬಿಟ್ಟೆ."

ಗೆಳತಿ ಬಾಯಿ ತೆರೆದು ಕುಳಿತಿದ್ದಳು. "ಲೇ, ನಿಮ್ಮನೇದು ಅಂತ ನಂಗೇನೇ ಗೊತ್ತಿತ್ತು? ನಾನು ಸುಮ್ನೆ ನಕ್ಕಿದ್ದು ಕಣೇ."

"ಸುಮ್ನೆ ನಕ್ಕಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು" ಎಂದಳು ನಿಮ್ಮಕ್ಕ.

ಮೇಡಂ ಬೈಯಲಿಲ್ಲ. ಹಾಳೆ ತೆಗೆದುಕೊಂಡು ಆ ಗೀಟನ್ನು ನೋಡಿದರು. "ತಪ್ಪಲ್ಲಿ ನನ್ನದೂ ಪಾಲಿದೆ" ಎಂದರು. "ಇಪ್ಪತ್ತು ವರ್ಷ ಈ ಪಾಠ ಬರೆಸಿದೀನಿ. ಐದು ಸಾಲು. 'ಅವರಲ್ಲಿ ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇದೆ' ಅಂತ. 'ಅವರು' ಯಾರು ಅಂತ ಯಾವ ಮಕ್ಕಳೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅವರು ಇದೇ ಬೆಂಚಲ್ಲಿ ಕೂತಿರಬಹುದು ಅಂತ ನಂಗೆ ಹೊಳೀಲೇ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ನೀವೇ ಹೇಳ್ಕೊಡಿ ನಮಗೆ" ಎಂದರು.

ಹೊರಗಿನವರ ಮುಂದೆ ಬಾಯಿ ಬಿಡುವವಳಲ್ಲ ನಾನು. ಆದರೆ ಆ ಹಾಳೆಯಲ್ಲಿ ಅವರು ಬಾಲ್ಯದಲ್ಲೇ ತೀರಿಕೊಂಡರು ಎಂದು ಹಾಗೆಯೇ ಇತ್ತಲ್ಲ, ಸುಮ್ಮನಿರಲು ಆಗಲಿಲ್ಲ. ನನ್ನ ಅಜ್ಜಿ ಸಂಬಂಧ ಬಿಡಿಸಿ ಹೇಳುವಾಗ ಮೊರದಲ್ಲಿ ಕಾಳು ಜೋಡಿಸುತ್ತಿದ್ದಳು. ಹುಡುಗಿ ನೋಡಲು ಬಂದವರ ಬೆಡಗು ಕೇಳಿ, ಕಾಳು ಇಟ್ಟು, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಅಲ್ಲೇ ಹೇಳುತ್ತಿದ್ದಳು. ನಾನೂ ಮೊರ ಖಾಲಿ ಮಾಡಿ ಮುಂದಿಟ್ಟುಕೊಂಡೆ. ಹೆಂಗಸರಿಗೆ ಅವರೆಕಾಳು, ಗಂಡಸರಿಗೆ ಕಡಲೆಕಾಯಿ.

ಮೇಲಿನ ಸಾಲಿನಲ್ಲಿ ಅಜ್ಜಿ ತಾತ. ಅದರ ಕೆಳಗೆ ಅವರ ಮಕ್ಕಳು. ಮೊದಲು ನಮ್ಮವ್ವ, ಕೊನೆಗೆ ನನ್ನ ಯಜಮಾನರು. ನಮ್ಮವ್ವನ ಪಕ್ಕ ನಮ್ಮಪ್ಪ. ಅವರ ಕೆಳಗೆ ನಾನು. ಹೂ ಕಟ್ಟುವ ದಾರ ತಂದು ನನ್ನ ಕಾಳಿನಿಂದ ನಮ್ಮವ್ವನ ಸಾಲಿನ ಕೊನೆಯ ಕಡಲೆಕಾಯಿಗೆ ಎಳೆದೆ.

"ಆದ್ರೆ ಗಂಡ ಹೆಂಡ್ತಿ ಒಂದೇ ಸಾಲಲ್ಲಿರ್ಬೇಕಲ್ವಾ ಅಜ್ಜಿ?" ಎಂದಳು ಗೆಳತಿ.

"ಅವ್ರು ಒಂದು ಮೆಟ್ಲು ಮ್ಯಾಲವ್ರೆ, ನಾನೇನು ಮಾಡ್ಲವ್ವ? ದಾರ ಎಳದ್ರೆ ಬತ್ತದೆ. ಒಬ್ರನ್ನ ಎಲ್ಡು ಕಡೆ ಇಡಾಕ್ಕೆ ಅವ್ರೇನು ಅವಳಿ-ಜವಳಿನಾ?"

ಮೇಡಂ ಗಟ್ಟಿಯಾಗಿ ನಕ್ಕರು. ನನಗೆ ಧೈರ್ಯ ಬಂತು. ಹುಡುಗಿ ಅಪ್ಪನ ಬೆಡಗಿನವಳು, ಸೋದರಮಾವ ಅವ್ವನ ತವರಿನ ಬೆಡಗಿನವನು, ಬೆಡಗು ಬೇರೆಯಾದ್ದರಿಂದ ಮದುವೆ ಆಗುತ್ತದೆ ಎಂದೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಎಷ್ಟು ದೂರದವರಾದರೂ ಅಣ್ಣ ತಂಗಿ, ಅಲ್ಲಿ ಆ ಮಾತೇ ಎತ್ತುವಂತಿಲ್ಲ ಎಂದೆ. ಅಕ್ಕನ ಮಗಳನ್ನು ತರಬಹುದು, ತಂಗಿಯ ಮಗಳನ್ನು ತರುವಂತಿಲ್ಲ, ಅವಳು ಸ್ವಂತ ಮಗಳ ಸಮಾನ ಎಂದೂ ಹೇಳಿದೆ. ಮೇಡಂ ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದರು. "ತಂಗಿ ಮಗಳ ವಿಷಯ ನನ್ನ ಐದು ಸಾಲಲ್ಲಿ ಇರ್ಲಿಲ್ಲ" ಎಂದರು.

"ನಮ್ಮ ಕಡೆ ಒಂದೇ ಹಳ್ಳಿಯ ಹುಡುಗನ್ನೂ ಮದುವೆ ಆಗೋ ಹಾಗಿಲ್ಲ ಅಜ್ಜಿ. ಇಡೀ ಹಳ್ಳಿಯವರೂ ಅಣ್ಣಂದಿರೇ" ಎಂದಳು ಗೆಳತಿ.

"ಊರಿಗೂರೇ ಅಣ್ಣಂದಿರಾ? ಪಾಪ, ನಿಮ್ಮೂರ ಹೆಣ್ಮಕ್ಳಿಗೆ ರಾಖಿ ಕಟ್ಟಿ ಕಟ್ಟಿ ಕೈ ನೋಯಾಕಿಲ್ವಾ?"

ಅವಳು ನಗುತ್ತ ನಗುತ್ತ ಕೈಗೆ ಸಿಕ್ಕ ಕಡಲೆಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. ಅದು ಮೊರದಲ್ಲಿದ್ದದ್ದು.

"ಅಯ್ಯೋ, ನಮ್ಮಪ್ಪನ್ನ ತಿಂದ್ಬುಟ್ಯಲ್ಲೇ!" ಎಂದೆ.

ಅವಳು ಕೆಮ್ಮಿ ಕೆಮ್ಮಿ ನೀರು ಕುಡಿಯಬೇಕಾಯಿತು. ನಿಮ್ಮಕ್ಕನೂ ಕಣ್ಣೊರೆಸಿಕೊಂಡು ನಕ್ಕಳು. ತಟ್ಟೆಯಿಂದ ಇನ್ನೊಂದು ಕಡಲೆಕಾಯಿ ಆರಿಸಿ ನಮ್ಮಪ್ಪನ ಜಾಗದಲ್ಲಿ ಅವಳೇ ಇಟ್ಟಳು.

ನಗು ನಿಂತ ಮೇಲೆ ಆ ಹುಡುಗಿ ಮೆಲ್ಲಗೆ ಕೇಳಿದಳು, "ಅಜ್ಜಿ, ಹಂಗೆ ಮದುವೆ ಆದ್ರೆ ಮಕ್ಕಳಿಗೆ ತೊಂದ್ರೆ ಆಗುತ್ತೆ ಅಂತಾರಲ್ಲ?" ನಿಮ್ಮಕ್ಕ ಅವಳನ್ನು ಮೊಣಕೈಯಿಂದ ತಿವಿದಳು.

"ಕೇಳ್ಲಿ ಬುಡು" ಎಂದೆ. ನಿಮ್ಮ ಅತ್ತೆ, ನನ್ನ ಮಗಳು, ಹುಟ್ಟಿನಿಂದ ಕಿವಿ ಕೇಳದವಳು. ರಕ್ತಸಂಬಂಧದಲ್ಲಿ ಆದ ಮದುವೆ ಅದಕ್ಕೆ ಕಾರಣವಿರಬಹುದು ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಅವತ್ತು ಹೇಳಿದೆ. ಅವಳು ಗಾರ್ಮೆಂಟ್ಸಿನಲ್ಲಿ ಒಂದು ಸಾಲಿನ ಮಿಷನ್ನಿನ ಹೆಂಗಸರಿಗೆಲ್ಲ ಹೊಲಿಗೆ ಕಲಿಸುವವಳು ಎಂದೂ ಹೇಳಿದೆ. "ನನ್ನ ಮೊಮ್ಮಕ್ಳಿಗೆ ಅಂಗೆ ಮಾಡಾಕಿಲ್ಲ ಕಣವ್ವ. ಗೊತ್ತಾದ್ಮೇಲೆ ಬುಡ್ಬೇಕು. ಬುಟ್ಟಿದೀವಿ. ಆದ್ರೆ ಆಗಿದ್ದನ್ನ ಆಗಿಲ್ಲ ಅನ್ಬಾರ್ದು. ಅವ್ರು ನನ್ನ ಚೆಂದಾಗಿ ನೋಡ್ಕಂಡ್ರು."

ನಿಮ್ಮಕ್ಕ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಹೊಸ ಹಾಳೆ ತೆಗೆಯುತ್ತಾಳೆ ಎಂದುಕೊಂಡೆ, ತೆಗೆಯಲಿಲ್ಲ. ಅದರ ಮೇಲೆಯೇ ಕೆಂಪು ಪೆನ್ನಿನಲ್ಲಿ ನೆಲಮಂಗಲದ ಗಂಡನನ್ನು ಹೊಡೆದುಹಾಕಿದಳು. ನನ್ನ ಸೊನ್ನೆಯಿಂದ ಒಂದು ಸಾಲು ಮೇಲಿದ್ದ ಅವರ ತ್ರಿಕೋನಕ್ಕೆ ದಾರದ ಹಾಗೆಯೇ ಎರಡು ಗೀಟು ಎಳೆದಳು. 'ಬಾಲ್ಯದಲ್ಲೇ' ಎಂಬುದನ್ನು ಹೊಡೆದು, ಅವರು ತೀರಿಕೊಂಡ ವಯಸ್ಸನ್ನು ನನ್ನನ್ನು ಕೇಳಿ ಬರೆದಳು. ಹಾಳೆಯ ಹಿಂದೆ, ತಾನು ಏನನ್ನು ಮುಚ್ಚಿಟ್ಟಿದ್ದೆ, ಯಾಕೆ ಮುಚ್ಚಿಟ್ಟಿದ್ದೆ ಎಂದು ಒಂದು ಪುಟ ಬರೆದಳು. ಅದನ್ನೂ ನನಗೆ ಓದಿ ಹೇಳಿದಳು.

ಸುಳ್ಳು ಬರೆದದ್ದಕ್ಕೆ ಮೇಡಂ ಅಂಕ ಕಳೆದರು. ಕಳೆಯದೆ ಬಿಟ್ಟಿದ್ದರೆ ನನಗೇ ಸರಿ ಕಾಣುತ್ತಿರಲಿಲ್ಲ. ಆದರೆ ಹೊರಗಿನವರಿಗೆ ತೋರಿಸುವ ಬರಹಗಳಿಂದ ಇವಳದನ್ನು ತೆಗೆಯಲಿಲ್ಲ. "ಅಜ್ಜಿ, ನೀವೂ ಬನ್ನಿ" ಎಂದು ಫೋನು ಮಾಡಿದರು.

ನಾನು ಕಾಲೇಜಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೊನೆಯ ಬೆಂಚಿನಲ್ಲಿ ಕುಳಿತೆ. ಹಾಲಿನ ತುಂಬ ಮಕ್ಕಳು, ಮುಂದೆ ಬಂದಿದ್ದ ದೊಡ್ಡವರು. ಮಕ್ಕಳೆಲ್ಲ ಬಣ್ಣಬಣ್ಣದ, ಅಚ್ಚು ಹಾಕಿಸಿದ ಚಿತ್ರ ತಂದಿದ್ದರು. ಇವಳದು ಕೆಂಪು ಗೀಟು ಬಿದ್ದ ಅದೇ ಹಾಳೆ. ಬಂದವರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು.

"ಏನಮ್ಮ ಇದು, ಎಲ್ಲಾ ಹೊಡೆದು ಹಾಕಿದೀಯ. ನೀಟಾಗಿ ಬೇರೆ ಬರೆದು ತರಬಾರದಿತ್ತಾ?"

"ತರಬಹುದಿತ್ತು ಸಾರ್" ಎಂದಳು ನಿಮ್ಮಕ್ಕ. "ನೀಟಾಗಿದ್ದದ್ದೇ ಸುಳ್ಳು ಸಾರ್. ನಮ್ಮನೇದನ್ನ ನಾವೇ ಹೇಗೆ ಮುಚ್ಚಿಡ್ತೀವಿ ಅನ್ನೋದೂ ಇದರಲ್ಲಿ ಕಾಣಲಿ ಅಂತ ಹಾಗೇ ತಂದೆ."

ಅವರು ಹಿಂದಿನ ಪುಟ ತಿರುಗಿಸಿ ಪೂರ್ತಿ ಓದಿದರು. "ಮನೆಯ ವಿಷಯ ಇಷ್ಟೆಲ್ಲಾ ಬರೆದಿದೀಯ. ನಿಮ್ಮಜ್ಜಿಗೆ ಇದು ಒಪ್ಪಿಗೆಯಾ?"

"ಅಲ್ಲೇ ಕೂತಿದ್ದಾರೆ ಸಾರ್. ಅವರನ್ನೇ ಕೇಳಿ."

ಇಡೀ ಹಾಲು ನನ್ನ ಕಡೆ ತಿರುಗಿತು. ಯಾರೂ ಏಳು ಅನ್ನಲಿಲ್ಲ. ನಾನೇ ಎದ್ದು ನಿಂತೆ.

"ಒಪ್ಪಿಗೆ ಸ್ವಾಮಿ" ಎಂದೆ. "ಮೊದ್ಲು ಓದಿ ಹೇಳಿದ್ದು ಒಪ್ಪಿರ್ಲಿಲ್ಲ. ತಿದ್ದಿ ಓದಿ ಹೇಳವ್ಳೆ. ಇದು ನಮ್ಮನೇದೇ."

ಅವರು ಕೂರಿ ಎನ್ನಲಿಲ್ಲ. ಅಕ್ಕನ ಮಗಳು ಆಗುತ್ತದೆ, ತಂಗಿಯ ಮಗಳು ಯಾಕೆ ಆಗುವುದಿಲ್ಲ ಎಂದು ಕೇಳಿದರು. ಹೇಳಿದೆ. ಬೆಡಗಿನ ಬಗ್ಗೆ ಕೇಳಿದರು. ಅದನ್ನೂ ಹೇಳಿದೆ. ಮುಂದಿನ ಬೆಂಚಿನ ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಂದು ಹುಡುಗಿಗೆ ಕೇಳಿಸಲಿಲ್ಲವೇನೋ, "ಅಜ್ಜಿ, ಸ್ವಲ್ಪ ಜೋರಾಗಿ" ಎಂದಳು. ನಾನು ಜೋರಾಗಿ ಹೇಳಿದೆ.